ನಲವತ್ತರ ಮೇಲೆ ಬಿ.ಎಡ್.

ಬಿ.ಎಡ್. ಸೇರಿದ ಮೊದಲ ದಿನ ಹೊಸಪೇಟೆಯ ಆ ಕಾಲೇಜಿನ ಗೇಟಿನಲ್ಲಿ ಕಾವಲಿನವನು ನನ್ನನ್ನು ತಡೆದು, "ಪಾಲಕರು ಇಲ್ಲೇ ಕುಂದ್ರಬೇಕ್ರಿ, ಹುಡುಗ್ರನ್ನ ಅಷ್ಟ ಒಳಗ ಬಿಡ್ತೀವಿ," ಅಂದ. ವಿದ್ಯಾರ್ಥಿ ನಾನೇ ಅಂದರೆ ಅವನು ನಂಬಲಿಲ್ಲ. ಕೊನೆಗೆ ಕಚೇರಿಯಿಂದ ಯಾರೋ ಬಂದು ಹೇಳಿದ ಮೇಲೆ ನಕ್ಕು, "ತಪ್ಪು ತಿಳ್ಕಬ್ಯಾಡ್ರಿ ಸರ್," ಎಂದು ದಾರಿ ಬಿಟ್ಟ. ತರಗತಿಗೆ ಕಾಲಿಟ್ಟರೆ ಹುಡುಗ ಹುಡುಗಿಯರೆಲ್ಲ ಧಡಕ್ಕನೆ ಎದ್ದು ನಿಂತರು. ನಾನು ಉಪನ್ಯಾಸಕ ಅಂದುಕೊಂಡಿದ್ದರು. ಹಿಂದಿನ ಬೆಂಚಿಗೆ ಹೋಗಿ ಕೂತ ಮೇಲೆ ಅವರೂ ಒಬ್ಬೊಬ್ಬರಾಗಿ ಕೂತರು. ಆಗ ನನಗೆ ನಲವತ್ತು ದಾಟಿತ್ತು.

ಅದಕ್ಕೆ ಮೊದಲು ನಾನು ಹಂಪಿಯಲ್ಲಿ ಗೈಡ್ ಆಗಿದ್ದೆ. ಇತಿಹಾಸದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ ಅಲೆಯುತ್ತಿದ್ದಾಗ ಗೈಡ್ ತರಬೇತಿಗೆ ಕರೆದಿದ್ದರು. ಕಡ್ಡಿರಾಂಪುರದ ನಮ್ಮ ಮನೆಗೆ ಹಂಪಿ ಕೂಗಳತೆಯ ದೂರ. ಹೇಗೂ ಹತ್ತಿರವಿದೆ, ಒಂದೆರಡು ವರ್ಷ ಮಾಡಿ ನೋಡೋಣವೆಂದು ಸೇರಿದವನು ಅಲ್ಲೇ ಉಳಿದೆ. ಎಂ.ಎ.ಯನ್ನೂ ಅಂಚೆಯಲ್ಲೇ ಮುಗಿಸಿದೆ. ನನ್ನ ಜೊತೆಗೇ ತರಬೇತಿ ಪಡೆದ ಪಾಪಿನಾಯಕನಹಳ್ಳಿಯ ಗೆಳೆಯನೊಬ್ಬನಿದ್ದ. ಅವನೂ ನಾನೂ ಬೆಳಿಗ್ಗೆ ವಿರೂಪಾಕ್ಷ ಗುಡಿಯ ಎದುರು ಒಂದೇ ಕಟ್ಟೆಯ ಮೇಲೆ ಕೂತು ಪ್ರವಾಸಿಗರಿಗಾಗಿ ಕಾಯುತ್ತಿದ್ದೆವು. ಅವನು ಮೆಲುಮಾತಿನವನು, ಕೇಳಿದ್ದಕ್ಕಷ್ಟೇ ಹೇಳುವವನು. ನನ್ನದು ಬೇರೆ ರೀತಿ.

ಅರಮನೆಯ ಆವರಣದ ಕಡೆ ಕಾಲುವೆಯೊಂದರ ಪಕ್ಕ ಕಲ್ಲಿನ ಊಟದ ತಟ್ಟೆಗಳು ಸಾಲಾಗಿವೆ. ಅನ್ನಕ್ಕೊಂದು, ಪಲ್ಯಕ್ಕೊಂದು ಎಂಬಂತೆ ಗುಣಿ ಕೊರೆದ ಕಲ್ಲುಗಳು. ಬಂದವರಲ್ಲಿ ವಯಸ್ಸಾದವರೊಬ್ಬರನ್ನು ಅದರ ಮುಂದೆ ಕೂರಿಸಿ, "ಕೈ ತೊಳ್ಕೊಳ್ಳಿ ಅಮ್ಮ, ಬಡಿಸ್ತೀನಿ," ಅನ್ನುತ್ತಿದ್ದೆ. ಈ ಗುಣಿಗೆ ಕೋಸಂಬರಿ, ಈ ಗುಣಿಗೆ ಗೊಜ್ಜು, ದಂಡಿನಿಂದ ಹಸಿದು ಬಂದ ಸಿಪಾಯಿ ಎಡಗಡೆ ಕೂತಿದ್ದಾನೆ, ಅವನಿಗೆ ಮನೆಯ ನೆನಪಾಗಿ ತುತ್ತು ಇಳಿಯುತ್ತಿಲ್ಲ ಎಂದು ಶುರುಮಾಡಿದರೆ ಸುತ್ತ ನಿಂತವರು ಮೊಬೈಲು ಕೆಳಗಿಳಿಸಿ ಕೇಳುತ್ತಿದ್ದರು. ಕೆಲವರ ಕಣ್ಣು ಒದ್ದೆಯಾಗುತ್ತಿತ್ತು. ಆ ಸಿಪಾಯಿ ನನ್ನ ಕಲ್ಪನೆಯವನು. ಅವನು ನಿಜವೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕೊರೊನಾ ಬಂದಾಗ ಹಂಪಿ ಬಾಗಿಲು ಹಾಕಿತು. ಸಂಡೂರಿನವಳಾದ ನನ್ನ ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವಳ ಹೊಲಿಗೆಯ ಮೇಲೆ ಮನೆ ನಡೆಯಿತು. ಶಾಲೆಗಳೂ ಮುಚ್ಚಿದ್ದವು. ಕೆಲವು ತಿಂಗಳ ನಂತರ ನಮ್ಮೂರಿನ ಮೇಷ್ಟ್ರೊಬ್ಬರು ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ದೂರದೂರ ಕೂರಿಸಿ ಪಾಠ ಮಾಡಲು ಬರತೊಡಗಿದರು. ಒಬ್ಬರಿಗೇ ಎಲ್ಲ ತರಗತಿ ಸಂಭಾಳಿಸಲಾಗದೆ, "ನೀವು ಖಾಲಿ ಅದೀರಲ್ರಿ, ಇತಿಹಾಸ ನೀವ ಹೇಳ್ರಿ," ಎಂದು ನನ್ನನ್ನು ಕರೆದರು. ಹೋದೆ. ಮೊದಲ ವಾರ ಐದಾರು ಮಕ್ಕಳಿದ್ದರು. ಮುಂದಿನ ವಾರ ಕಟ್ಟೆ ತುಂಬಿತು. ಅವರ ತಾಯಂದಿರೂ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಕೂರತೊಡಗಿದರು.

ಒಂದು ಸಂಜೆ ಹೆಂಡತಿ ಮಷಿನ್ ನಿಲ್ಲಿಸಿ, "ನೀವು ಮೇಷ್ಟ್ರ ಆಗ್ಬೇಕಿತ್ತು ನೋಡ್ರಿ," ಅಂದಳು.

"ಈಗ ಎಲ್ಲಿ? ವಯಸ್ಸು ಮೀರೇತಿ."

"ಬಿ.ಎಡ್. ಓದಾಕ ವಯಸ್ಸಿಲ್ಲಂತ. ನಮ್ಮ ತಮ್ಮನ್ನ ಕೇಳೀನಿ. ಅರ್ಜಿ ಹಾಕ್ರಿ ಸುಮ್ನ."

ಅವಳು ಆಗಲೇ ವಿಚಾರಿಸಿಟ್ಟಿದ್ದಳು. ಆ ರಾತ್ರಿಯೇ ನನಗೆ ಖಾತ್ರಿಯಾಗಿಬಿಟ್ಟಿತು, ಇದೇ ನನ್ನ ಕೆಲಸವೆಂದು. ಗೆಳೆಯ ಮಾತ್ರ ಒಪ್ಪಲಿಲ್ಲ. "ಬ್ಯಾಡಲೇ, ಜನ ಬಂದ ಬರ್ತಾರ. ಎರಡು ವರ್ಷ ಹುಡುಗ್ರ ಜೋಡಿ ಕುಂತು ಏನ್ ಕಲೀತಿ ನೀನು?" ಎಂದ. ನಾನು ಅವನ ಮಾತನ್ನು ನಗೆಯಲ್ಲಿ ತೇಲಿಸಿದೆ.

ಎರಡು ವರ್ಷ ಪೂರ್ತಿ ತರಗತಿಯಲ್ಲಿ ಕೂರುವುದನ್ನು ಬಿಟ್ಟು ನನ್ನಂಥವರಿಗೆ ಬೇರೆ ದಾರಿ ಇರಲಿಲ್ಲ. ಆಗಲೇ ಶಾಲೆಯಲ್ಲಿ ಕೆಲಸದಲ್ಲಿರುವವರಾದರೆ ಅಂಚೆಯಲ್ಲಿ ಮಾಡಬಹುದಿತ್ತು. ಬೇರೆ ಕಸುಬಿನಿಂದ ಬಂದವನಿಗೆ ಅದು ಇಲ್ಲ. ನಮಗೆ ಬೋಧನಾ ವಿಧಾನ ಕಲಿಸುತ್ತಿದ್ದ ಉಪನ್ಯಾಸಕಿ ಒಮ್ಮೆ ಹೇಳಿದ್ದರು, ಕೆಲವು ದೇಶಗಳಲ್ಲಿ ಎಂಜಿನಿಯರು, ನರ್ಸು, ಬ್ಯಾಂಕಿನವರು ನಡುವಯಸ್ಸಿನಲ್ಲಿ ಮೇಷ್ಟ್ರಾಗಬೇಕೆಂದರೆ ಶಾಲೆಯಲ್ಲಿ ಪಾಠ ಮಾಡುತ್ತಲೇ ಸಂಜೆ ಹೊತ್ತು ಓದಿ ಅರ್ಹತೆ ಪಡೆಯುತ್ತಾರೆ, ಅವರ ಹಳೆಯ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು. ತರಗತಿಯ ಹುಡುಗರೆಲ್ಲ ತಿರುಗಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಂಡೆ.

ಆ ಉಪನ್ಯಾಸಕಿ ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ಬಳ್ಳಾರಿಯವರು. ನನ್ನನ್ನು 'ಸರ್' ಅನ್ನುತ್ತಿದ್ದರು, ಬೇರೆಯವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಕಟ್ಟುನಿಟ್ಟಿನವರು, ಆದರೆ ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಮೊದಲ ವರ್ಷ ನಾವು ನಾವೇ ಮಕ್ಕಳಾಗಿ, ನಾವು ನಾವೇ ಮೇಷ್ಟ್ರಾಗಿ ಐದಾರು ನಿಮಿಷದ ಪಾಠ ಮಾಡಬೇಕು. ಒಂದು ದಿನ ಬರೀ ಪೀಠಿಕೆ ಹಾಕುವುದು, ಇನ್ನೊಂದು ದಿನ ಬರೀ ಪ್ರಶ್ನೆ ಕೇಳುವುದು, ಮತ್ತೊಂದು ದಿನ ಬರೀ ಕಪ್ಪುಹಲಗೆ ಬಳಸುವುದು. ನನಗೆ ಅದು ಮಕ್ಕಳಾಟ ಅನ್ನಿಸುತ್ತಿತ್ತು. ಬಿಸಿಲಲ್ಲಿ ನಿಂತ ನೂರು ಪ್ರವಾಸಿಗರನ್ನು ಮಾತಿನಲ್ಲಿ ಹಿಡಿದಿಟ್ಟವನಿಗೆ ಇದೇನು ಮಹಾ ಎಂಬ ಜಂಬವಿತ್ತು.

ಎರಡನೇ ವರ್ಷ ಕಂಪ್ಲಿಯ ಪ್ರೌಢಶಾಲೆಯೊಂದಕ್ಕೆ ನಮ್ಮ ತಂಡವನ್ನು ಹಾಕಿದರು. ತಿಂಗಳುಗಟ್ಟಲೆ ಅಲ್ಲಿಯೇ ಪಾಠ. ಬೆಳಿಗ್ಗೆ ಬಸ್ಸಿನಲ್ಲಿ ಭತ್ತದ ಗದ್ದೆ, ಬಾಳೆ ತೋಟ, ಅಕ್ಕಿ ಗಿರಣಿಗಳನ್ನು ದಾಟಿ ಹೋಗುತ್ತಿದ್ದೆವು. ಹೊಳೆಯಾಚೆಯ ಊರುಗಳಿಂದಲೂ ಮಕ್ಕಳು ಬರುತ್ತಿದ್ದರು. ಉಪನ್ಯಾಸಕಿ ನನ್ನ ಪಾಠ ನೋಡಿ ಅಂಕ ಕೊಡಲು ಬಂದ ದಿನ ಜಲಾಶಯದಿಂದ ನೀರು ಬಿಟ್ಟು ಸೇತುವೆ ಮುಳುಗಿತ್ತು. ಆ ಕಡೆಯ ಮಕ್ಕಳು ಬರಲಾಗದೆ ಒಂಬತ್ತನೇ ತರಗತಿ ಅರ್ಧ ಖಾಲಿ. ಪಾಠ ವಿಜಯನಗರದ್ದೇ. ನನ್ನ ಮನೆಯಂಗಳ.

ಕಲ್ಲಿನ ತಟ್ಟೆಗಳಿಂದ ಶುರುಮಾಡಿದೆ. ಸಿಪಾಯಿ ಬಂದ, ಹಸಿವು ಬಂತು, ಕೋಸಂಬರಿ ಬಂತು. ಮಕ್ಕಳು ಕದಲದೆ ಕೂತಿದ್ದರು. ಕಿಟಕಿಯಲ್ಲಿ ಪಕ್ಕದ ತರಗತಿಯ ಮಕ್ಕಳ ತಲೆಗಳು ಕಾಣಿಸಿಕೊಂಡವು. ನಾನು ಮೈಮರೆತಿದ್ದೆ. ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಅವ್ರು ಏನ್ ಉಂಡ್ರು ಅಂತ ನಿಮ್ಗ ಹೆಂಗ ಗೊತ್ತಾತ್ರಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ನಕ್ಕು, "ಅಂದಾಜು ಮಾಡೋದವ್ವಾ," ಅಂದೆ.

"ಮತ್ತ ಅದನ್ನ ಬರ್ಕೋಬೇಕೇನ್ರಿ?"

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಗಂಟೆ ಹೊಡೆಯಿತು. ತಿರುಗಿ ನೋಡಿದರೆ ಕಪ್ಪುಹಲಗೆಯ ಮೇಲೆ ಪಾಠದ ಹೆಸರು ಬಿಟ್ಟು ಒಂದಕ್ಷರವಿರಲಿಲ್ಲ.

ಆಮೇಲೆ ಬೇವಿನ ಮರದ ಕೆಳಗೆ ಉಪನ್ಯಾಸಕಿ ನನ್ನನ್ನು ಕೂರಿಸಿಕೊಂಡರು. "ನಿಮ್ಗ ಮಾತು ಭಾಳ ಚಂದ ಬರ್ತೈತ್ರಿ ಸರ್. ನಾನೂ ಪೆನ್ನು ಬಿಟ್ಟು ಕೇಳ್ದೆ. ಆದ್ರ ಪಾಠ ಯಾವಾಗ ಶುರುವಾತು?"

ನಾನು ಕೈಯಲ್ಲಿದ್ದ ಪಾಠದ ಟಿಪ್ಪಣಿಯನ್ನು ಮಡಚಿದೆ.

"ಆ ಹುಡುಗಿ ಕೇಳಿದ್ದು ಇವತ್ತಿನ ಎಲ್ಲಕ್ಕಿಂತ ಒಳ್ಳೆ ಮಾತು. ನೀವು ಅದಕ್ಕ ನಕ್ಕುಬಿಟ್ರಿ. ಗೈಡ್ ಕೆಲ್ಸದಾಗ ಅದು ನಡೀತಿತ್ತೇನೋ. ಇಲ್ಲಿ ಅದನ್ನ ಬಿಟ್ಟು ಬರ್ರಿ ಸರ್."

ಅಂಕ ಕಡಿಮೆ ಬಿದ್ದದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಆ ಹುಡುಗಿಯ ಮುಖ ಬಿಡದೆ ಕಾಡಿತು. ಅವಳು ತಮಾಷೆಗೆ ಕೇಳಿರಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು, ಬರೆಯಲೋ ಬೇಡವೋ ಎಂದು ನಿಜವಾಗಿ ತಿಳಿಯದೆ ನಿಂತಿದ್ದಳು. ಇಷ್ಟು ವರ್ಷ ಜನರ ಕಿವಿಗೆ ಹಿತವಾದದ್ದನ್ನೇ ಹೇಳುತ್ತ ಬಂದಿದ್ದೇನೆ, ಮಕ್ಕಳ ಮುಂದೆ ಅದು ಆಗದು ಅನ್ನಿಸಿತು. ಉಪನ್ಯಾಸಕಿ 'ಅದನ್ನ ಬಿಟ್ಟು ಬರ್ರಿ' ಅಂದದ್ದನ್ನು ನಾನು ಗೈಡಿನ ಮಾತುಗಾರಿಕೆಯನ್ನೇ ಬಿಡಬೇಕೆಂದು ಅರ್ಥಮಾಡಿಕೊಂಡೆ. ಬಿಟ್ಟೆ. ಪಾಠದ ಟಿಪ್ಪಣಿಯಲ್ಲಿ ಕಥೆ ಬಂದ ಕಡೆಯೆಲ್ಲ ಗೀಟು ಎಳೆದೆ. ಪೀಠಿಕೆ, ಮುಖ್ಯಾಂಶ, ಹಲಗೆಯ ಬರಹ, ಮೌಲ್ಯಮಾಪನದ ಪ್ರಶ್ನೆ ಎಲ್ಲವೂ ಗಡಿಯಾರದ ಮುಳ್ಳಿನಂತೆ ನಡೆಯತೊಡಗಿದವು. ಮುಂದಿನ ಸಲ ಉಪನ್ಯಾಸಕಿ ಬಂದಾಗ ನನ್ನ ಹಲಗೆಯನ್ನು ಬೇರೆ ಹುಡುಗರನ್ನು ಕರೆದು ತೋರಿಸಿದರು. ನನಗೆ ಹೆಮ್ಮೆಯಾಯಿತು. ಪಕ್ಕದ ತರಗತಿಯ ಮಕ್ಕಳು ಈಗ ಕಿಟಕಿಗೆ ಬರುತ್ತಿಲ್ಲ ಎಂಬುದನ್ನು ಗಮನಿಸಿದ್ದೆನಾದರೂ ಅದನ್ನು ಶಿಸ್ತು ಅಂದುಕೊಂಡೆ.

ಆ ದಿನಗಳಲ್ಲೇ ಗೆಳೆಯ ಫೋನ್ ಮಾಡಿದ. ಪ್ರವಾಸಿಗರು ಮತ್ತೆ ಬರತೊಡಗಿದ್ದರು. ಗೈಡ್ ಗುರುತಿನ ಚೀಟಿ ನವೀಕರಿಸಲು ಎಲ್ಲರೂ ಮರುತರಬೇತಿಗೆ ಕೂರಬೇಕಿತ್ತು. "ಬಾರಲೇ, ನಿನ್ನ ಹೆಸರೂ ಐತಿ. ಈ ಸಲ ತಪ್ಪಿದ್ರ ಮತ್ತ ಯಾವಾಗ ಕರೀತಾರೋ," ಅಂದ. ತರಬೇತಿ ಬಿದ್ದದ್ದು ನನ್ನ ಕಂಪ್ಲಿಯ ಪಾಠಗಳ ದಿನಗಳಲ್ಲೇ. ಹಾಜರಿ ಕಡಿಮೆಯಾದರೆ ಬಿ.ಎಡ್. ಕೂಡ ಕೈತಪ್ಪುತ್ತಿತ್ತು.

"ಇನ್ನ ನನಗ ಅದು ಯಾಕ ಬೇಕು? ಮೇಷ್ಟ್ರ ಆಗೋನು," ಎಂದೆ.

ಅವನು, "ಆತು ಬಿಡು," ಎಂದು ಫೋನಿಟ್ಟ.

ಬಿ.ಎಡ್. ಒಳ್ಳೆಯ ದರ್ಜೆಯಲ್ಲಿ ಮುಗಿಯಿತು. ಶಿಕ್ಷಕರ ಅರ್ಹತಾ ಪರೀಕ್ಷೆ ಮೊದಲ ಸಲ ಹೋಯಿತು, ಎರಡನೇ ಸಲ ದಾಟಿದೆ. ಹೆಂಡತಿ ತವರಿನಿಂದ ತಂದೆ ತಾಯಿಯನ್ನು ಕರೆಸಿ ಹೋಳಿಗೆ ಮಾಡಿದಳು. ಮಾವ ಮೊದಲ ಬಾರಿಗೆ ನನ್ನನ್ನು ಊರಿನವರ ಮುಂದೆ "ನಮ್ಮ ಅಳಿಯ ಮೇಷ್ಟ್ರು" ಅಂದರು. ಸರ್ಕಾರಿ ಶಾಲೆಯ ನೇಮಕಾತಿಗೆ ಕಾಯುತ್ತ ಕೂತೆ. ಬಿ.ಎಡ್. ಓದಲು ವಯಸ್ಸಿನ ಮಿತಿ ಇರಲಿಲ್ಲ, ಕೆಲಸಕ್ಕೆ ಇತ್ತು. ಅದು ನನಗೆ ಮೊದಲೇ ಗೊತ್ತಿತ್ತು, ಅಷ್ಟರೊಳಗೆ ಕರೆಯುತ್ತಾರೆಂದು ನಂಬಿದ್ದೆ. ಕರೆಯುವ ಹೊತ್ತಿಗೆ ನನ್ನ ವಯಸ್ಸು ಮಿತಿ ದಾಟಿತ್ತು. ಆ ದಿನ ಸೈಬರ್ ಕೇಂದ್ರದಲ್ಲಿ ನನ್ನ ಜನ್ಮದಿನಾಂಕ ತುಂಬಿಸಿದ ಹುಡುಗ ಪರದೆ ನೋಡಿ, "ಸರ್, ಮುಂದಕ್ಕ ಹೋಗವಲ್ದ್ರಿ," ಅಂದ. ಇನ್ನೊಮ್ಮೆ ಒತ್ತಲು ಹೇಳಿದೆ. ಒತ್ತಿದ.

ಮನೆಗೆ ಬಂದು ಹೇಳಿದಾಗ ಹೆಂಡತಿ, "ನಾನ ನಿಮ್ಗ ಅರ್ಜಿ ಹಾಕ್ರಿ ಅಂತ ಗಂಟು ಬಿದ್ದೆ," ಎಂದಳು. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳದೆ ಕೈಕಾಲು ತೊಳೆಯಲು ಹೋದೆ.

ಹೊಸಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಸಮಾಜವಿಜ್ಞಾನಕ್ಕೆ ತೆಗೆದುಕೊಂಡರು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರ, ಅಂಗಡಿಕಾರರ ಮಕ್ಕಳು ಬರುವ ಶಾಲೆ. ಹೊತ್ತಿಗೆ ಸರಿಯಾಗಿ ಹೋಗುತ್ತೇನೆ, ಪಾಠ ಮುಗಿಸುತ್ತೇನೆ, ಟಿಪ್ಪಣಿ ಬರೆಸುತ್ತೇನೆ. ಪಾಲಕರ ಸಭೆಯಲ್ಲಿ ಒಬ್ಬರು, "ಸರ್ ನೋಟ್ಸ್ ಮಸ್ತ್ ಕೊಡ್ತಾರ್ರಿ," ಎಂದು ಮುಖ್ಯೋಪಾಧ್ಯಾಯರ ಮುಂದೆ ಹೊಗಳಿದರು. ಅದೇ ವರ್ಷ ಒಂಬತ್ತನೇ ತರಗತಿಯನ್ನು ಹಂಪಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು.

ಗೈಡ್ ಬೇಕೇ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನಾನು ಗೆಳೆಯನ ಹೆಸರು ಹೇಳಿದೆ. ನನ್ನ ಚೀಟಿ ರದ್ದಾಗಿತ್ತಲ್ಲ. ಅವನು ಬಸ್ಸಿನ ಬಾಗಿಲಲ್ಲೇ ಸಿಕ್ಕು ನನ್ನ ಕೈ ಹಿಡಿದುಕೊಂಡ. ಕೂದಲು ಪೂರ್ತಿ ನೆರೆತಿತ್ತು. "ಇವತ್ತು ನೀನ ಹೇಳು, ನಾ ಹಿಂದ ನಿಂತು ಕೇಳ್ತೀನಿ. ಎಷ್ಟು ದಿನ ಆತು ನಿನ್ನ ಮಾತು ಕೇಳಿ," ಅಂದ. ಅವನ ಮುಖದಲ್ಲಿ ನಿಜವಾದ ಆಸೆಯಿತ್ತು.

ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಪುಷ್ಕರಣಿಯ ಅಂಚಿನಲ್ಲಿ ಮಕ್ಕಳನ್ನು ನಿಲ್ಲಿಸಿದೆ. ಒಂದು ಕಾಲಕ್ಕೆ ಅಲ್ಲಿ ನಿಂತು ನಾನು ಏನೆಲ್ಲ ಹೇಳುತ್ತಿದ್ದೆನೋ ಅದನ್ನು ನೆನಪಿಸಿಕೊಳ್ಳಲು ನೋಡಿದೆ. ಬಾಯಿ ತೆರೆದಾಗ ಬಂದದ್ದು ಇದು: "ಮಕ್ಕಳೇ, ಗಮನಿಸಿ. ಈ ಪುಷ್ಕರಣಿಯ ಪ್ರಮುಖ ಲಕ್ಷಣಗಳು. ಒಂದು, ಇದು ಕಪ್ಪು ಶಿಲೆಯಿಂದ ನಿರ್ಮಿತವಾಗಿದೆ. ಎರಡು..." ಮಕ್ಕಳು ಚೀಲದಿಂದ ನೋಟ್‌ಬುಕ್ ತೆಗೆದರು. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಯಾರೊಬ್ಬರೂ ಕೊಳದ ಕಡೆ ನೋಡುತ್ತಿರಲಿಲ್ಲ. ಹಿಂದಿನವರು ಐಸ್‌ಕ್ರೀಮಿನ ಗಾಡಿ ನೋಡುತ್ತಿದ್ದರು. ನನ್ನ ಧ್ವನಿ ನನಗೇ ಕೇಳಿಸುತ್ತಿತ್ತು. ನಿಲ್ಲಿಸಲೂ ಆಗದು, ಬೇರೆ ಏನು ಹೇಳಬೇಕೆಂದೂ ತೋಚದು. ಲಕ್ಷಣಗಳು ಮುಗಿದಾಗ ಸುಮ್ಮನೆ ನಿಂತುಕೊಂಡೆ.

ಗೆಳೆಯ ಮೆಲ್ಲಗೆ ಮುಂದೆ ಬಂದ. "ಪುಸ್ತಕ ಒಳಗ ಇಡ್ರಿ. ಕೆಳಗ ಇಳೀಬ್ಯಾಡ್ರಿ, ಇಲ್ಲಿಂದನ ಕಲ್ಲಿನ ಮೈ ಮ್ಯಾಲೆ ನೋಡ್ರಿ. ಗೀರು ಏನರ ಕಾಣ್ತಾವೇನು?"

ಮಕ್ಕಳು ಬಗ್ಗಿದರು. "ಇಲ್ಲೈತ್ರಿ! ಅಲ್ಲೂ ಐತಿ!"

"ಯಾರು ಗೀರಿರಬೌದು? ಯಾಕ?"

ಒಬ್ಬ, ಯಾರೋ ಹುಡುಗರ ಕಿತಾಪತಿ ಅಂದ. ಇನ್ನೊಬ್ಬಳು ಲೆಕ್ಕ ಮಾಡಿದ್ದು ಅಂದಳು. ಜಗಳ ಹತ್ತಿತು. ಕೊನೆಗೆ ಬಡಗಿಯ ಮಗಳೊಬ್ಬಳು, "ನಮ್ಮಪ್ಪ ಕಟ್ಟಿಗಿ ಮ್ಯಾಲೆ ಹಂಗ ಬರೀತಾನ್ರಿ, ಯಾವ್ದು ಎಲ್ಲಿ ಕುಂದ್ರಬೇಕಂತ," ಅಂದಳು. ಗೆಳೆಯ ಚಪ್ಪಾಳೆ ತಟ್ಟಿದ. "ಭಾಳ ಶಾಣ್ಯಾಕಿ ಅದಿ! ಬ್ಯಾರೆ ಕಡೆ ಕಡದು ಗುರುತು ಮಾಡಿ ತಂದು ಇಲ್ಲಿ ಜೋಡಿಸ್ಯಾರ ಅಂತಾರ." "ಎಲ್ಲಿಂದ ತಂದ್ರು?" ಎಂದು ಯಾರೋ ಕೇಳಿದರು. ಅವನು, "ಅದು ನನಗ ಖಾತ್ರಿ ಗೊತ್ತಿಲ್ಲಪ್ಪ," ಅಂದ. ಮಕ್ಕಳು ಅದಕ್ಕೇನೂ ಅಸಮಾಧಾನಪಡಲಿಲ್ಲ. ಇನ್ನಷ್ಟು ಗೀರು ಹುಡುಕತೊಡಗಿದರು.

ಅವನು ಒಂದೂ ಸುಳ್ಳು ಹೇಳಲಿಲ್ಲ. ಸಿಪಾಯಿಯನ್ನು ತರಲಿಲ್ಲ, ಯಾರನ್ನೂ ಅಳಿಸಲಿಲ್ಲ. ಆದರೂ ಮಕ್ಕಳು ಅವನ ಹಿಂದೆ ಗುಂಪುಗೂಡಿ ನಡೆದರು. ನಾನು ಅವರ ನೀರಿನ ಬಾಟಲಿಗಳನ್ನು ಎತ್ತಿಕೊಂಡು ಕೊನೆಯಲ್ಲಿ ಬಂದೆ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ಅವನು ನನ್ನ ಪಕ್ಕ ಬಂದು ಕೂತ. "ಏನಾತಲೇ ನಿನಗ?" ಎಂದು ಕೇಳಿದ. ಅವನ ದನಿಯಲ್ಲಿ ಕುಹಕವಿದ್ದಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ.

"ಬಿ.ಎಡ್. ಮಾಡ್ದೆ," ಅಂದೆ. ಅವನು ನಗುತ್ತಾನೆಂದುಕೊಂಡೆ. ಅವನು ನಗಲಿಲ್ಲ, ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದ.

ಕೆಲವು ತಿಂಗಳ ನಂತರ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಉಪನ್ಯಾಸಕಿ ಸಿಕ್ಕರು. ಈಗ ಬಳ್ಳಾರಿಯ ಕಾಲೇಜೊಂದರಲ್ಲಿ ಕಲಿಸುತ್ತಿದ್ದಾರಂತೆ. ಅವರ ಬಸ್ಸು ಬರುವುದು ತಡವಿತ್ತು. ಚಹಾ ಕುಡಿಯುತ್ತ ಹಂಪಿಯಲ್ಲಿ ನಡೆದದ್ದನ್ನು ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಲೋಟ ಕೆಳಗಿಟ್ಟರು.

"ಕಥೆ ಬಿಡ್ರಿ ಅಂತ ನಾ ಎಲ್ಲಿ ಅಂದಿದ್ದೆನ್ರಿ ಸರ್? ಆ ಹುಡುಗಿ ಕೇಳಿದಾಗ ನಕ್ರಲ್ಲ, ಅದನ್ನ ಬಿಡ್ರಿ ಅಂದಿದ್ದೆ. ಗೊತ್ತಿಲ್ಲ ಅನ್ಬೇಕಿತ್ತು, ಇಲ್ಲಾ ಹೆಂಗ ಗೊತ್ತಾಗ್ತೈತಿ ನೋಡೋಣ ಅನ್ಬೇಕಿತ್ತು."

ಆ ಬೇವಿನ ಮರದ ಕೆಳಗೆ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ಅವರ ಅರ್ಥದಲ್ಲೂ ಅದು ಸರಿ ಹೊಂದುತ್ತಿತ್ತು. ನಾನು ಮರುಪ್ರಶ್ನೆ ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ನನಗಿಂತ ಚಿಕ್ಕವರ ಮುಂದೆ ತಿಳಿಯಲಿಲ್ಲ ಅನ್ನಲು ಸಂಕೋಚಪಟ್ಟಿರಬೇಕು.

ಅವರು ಲೋಟ ಮತ್ತೆ ಎತ್ತಿಕೊಂಡು ಹೇಳಿದರು: "ತಪ್ಪು ನಂದೂ ಐತ್ರಿ. ನಿಮ್ಮ ವಯಸ್ಸಿನೋರಿಗೆ ಹೆಂಗ ಹೇಳ್ಬೇಕಂತ ನಮಗ ಯಾರೂ ಕಲಿಸಿಲ್ಲ. ಹುಡುಗ್ರಿಗೆ ಹೇಳಿದಂಗ ಹೇಳ್ದೆ. ಹುಡುಗ್ರು ಅರ್ಧ ಕೇಳ್ತಾರ, ಅರ್ಧ ಬಿಡ್ತಾರ. ನೀವು ಪೂರ್ತಿ ಕೇಳಿಬಿಟ್ರಿ."

ಅವರ ಬಸ್ಸು ಬಂತು. ಕಿಟಕಿಯಿಂದ, "ಮತ್ತ ಶುರು ಮಾಡ್ರಿ ಸರ್, ತಡ ಏನಾಗಿಲ್ಲ," ಎಂದು ಕೂಗಿದರು. ನಾನು ಕೈ ಬೀಸಿದೆ.

ಶುರು ಮಾಡಲು ನೋಡಿದ್ದೇನೆ. ಹೋದ ತಿಂಗಳು ನದಿಗಳ ಪಾಠದಲ್ಲಿ ಟಿಪ್ಪಣಿ ಬದಿಗಿಟ್ಟು, ಕಂಪ್ಲಿಯಲ್ಲಿ ಸೇತುವೆ ಮುಳುಗಿದ ದಿನದ ಬಗ್ಗೆ ಹೇಳತೊಡಗಿದೆ. ಎರಡು ಮಾತು ಸರಿಯಾಗಿ ಬಂದವು. ಮೂರನೆಯದಕ್ಕೆ ತಡವರಿಸಿದೆ. ಮುಂದಿನ ಬೆಂಚಿನ ಹುಡುಗ ತಾಳ್ಮೆಯಿಂದ ಕಾದು, "ಸರ್, ಇದು ಪರೀಕ್ಷೆಗೆ ಬರ್ತೈತೇನ್ರಿ?" ಎಂದು ಕೇಳಿದ. ಬರುವುದಿಲ್ಲ ಅಂದೆ. ಅವನು ಪೆನ್ನಿನ ಮುಚ್ಚಳ ಹಾಕಿದ. ಈ ಮಕ್ಕಳಿಗೆ ಹೀಗೆ ಕೂರುವುದನ್ನು ಕಲಿಸಿದವನು ನಾನೇ. ಇನ್ನೂ ಹತ್ತು ನಿಮಿಷ ಉಳಿದಿತ್ತು. ನದಿಯ ಉಗಮ, ಹರಿವು, ಉಪನದಿಗಳು ಎಂದು ಹಲಗೆಯ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು.